ಅಫ್ಸಾನಾ ಬರೆದ ನಾಲ್ಕು ಪದಗಳು

ಅಫ್ಸಾನಾ ನನ್ನ ವಿದ್ಯಾರ್ಥಿನಿ. ಶಿರಸಿಯ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ತಂದೆ ಅಬ್ದುಲ್ ರಜಾಕ್ ಹುಬ್ಬಳ್ಳಿಗೂ ಮಂಗಳೂರಿಗೂ ಲಾರಿ ಓಡಿಸುತ್ತಿದ್ದರು. ಮನೆಮಾತು ಉರ್ದು. ಆದರೂ ತರಗತಿಯಲ್ಲಿ ಒತ್ತಕ್ಷರ ತಪ್ಪದೆ ಬರೆಯುತ್ತಿದ್ದ ಮೂರ್ನಾಲ್ಕು ಮಂದಿಯಲ್ಲಿ ಇವಳೂ ಒಬ್ಬಳು. ಬರೆದದ್ದು ಸ್ವಲ್ಪ, ಹೊಡೆದುಹಾಕಿದ್ದು ಹೆಚ್ಚು. ಒಂದು ಪದ ಸರಿಯಾಗಿ ಕೂತಿಲ್ಲ ಅನ್ನಿಸಿದರೆ ಗೀಟು ಎಳೆದು ಮೇಲೆ ಇನ್ನೊಂದು ಬರೆಯುವಳು. ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಹೊತ್ತು ಸಾಲುವುದಿಲ್ಲ ಎಂದು ನಾನೇ ಗದರಿದ್ದೆ.

ಅವಳು ಪಿಯುಸಿಯಲ್ಲಿದ್ದಾಗ ತಂದೆ ತೀರಿಕೊಂಡರು. ಮುಂದೆ ಬಿಸಿಎ ಮುಗಿಸಿ, ಶಿರಸಿ ಪೇಟೆಯಲ್ಲೇ ಸತೀಶ ಎಂಬಾತ ನಡೆಸುವ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಸೇರಿದಳು. ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ, ನಾಲ್ಕು ಜನ. ಊರ ಸೊಸೈಟಿಗಳು, ದವಾಖಾನೆಗಳು, ಶಾಲೆಗಳು, ಮಾವಿನ ಮಿಡಿ ಮಾರುವವರು, ಜೇನು ಸಾಕುವವರು, ಹೀಗೆ ಯಾರಿಗೆ ಏನು ಬರೆದಿಡಬೇಕೋ ಅದಕ್ಕೆಲ್ಲ ಅವರು ಪ್ರೋಗ್ರಾಂ ಮಾಡಿಕೊಡುತ್ತಿದ್ದರು. ತಾಯಿ ಚಾಂದ್ ಬಿಯನ್ನು ಬಿಟ್ಟು ದೂರ ಹೋಗುವ ಆಸೆ ಅವಳಿಗೆ ಇರಲಿಲ್ಲ. ಇದ್ದರೂ ನನ್ನ ಹತ್ತಿರ ಹೇಳಿದವಳಲ್ಲ.

ನಾನು ನಿವೃತ್ತನಾಗಿ ಸಿದ್ದಾಪುರಕ್ಕೆ ಬಂದೆ. ಅಲ್ಲಿ ನಾವು ಏಳೆಂಟು ಜನ ಸೇರಿ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಬಗ್ಗೆ ತಿಳಿಹೇಳುವ ಒಂದು ಬಳಗ ಕಟ್ಟಿಕೊಂಡಿದ್ದೆವು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಯ ಉಣುಗುಗಳು ಸುತ್ತ ಹರಡುತ್ತವೆ. ಸೊಪ್ಪಿಗೆ, ಒಣಗಿದೆಲೆಯ ದರಕಿಗೆ ಹೋದವರಿಗೆ ಕಚ್ಚಿ ಜ್ವರ ತರುತ್ತವೆ. ಮಳೆ ನಿಂತು ನೆಲ ಒಣಗಿದ ಮೇಲೆ ಶುರುವಾದ ಈ ಕಾಟ ಮುಂದಿನ ಮಳೆ ಹಿಡಿಯುವವರೆಗೂ ಬಿಡುವುದಿಲ್ಲ. ಮಂಗ ಎಲ್ಲಿ ಸತ್ತಿತ್ತು, ಯಾವ ತಾರೀಕು, ಹತ್ತಿರ ಯಾವ ಕೇರಿ, ಯಾವ ಮನೆಯವರು ಆ ಕಡೆ ದರಕಿಗೆ ಹೋಗುತ್ತಾರೆ, ಯಾರಿಗೆ ಜ್ವರ ಬಂದಿತ್ತು ಎಂಬುದನ್ನೆಲ್ಲ ನಾವು ನೋಟ್‌ಬುಕ್ಕುಗಳಲ್ಲಿ ಬರೆದಿಡುತ್ತಿದ್ದೆವು. ಸುದ್ದಿ ತರುವವನು ನಿಲ್ಕುಂದದ ಕಡೆಯ ಕೆರಿಯ. ಉಪ್ಪಾಗೆ ಕಾಯಿ, ಸೀಗೆಕಾಯಿ ಹುಡುಕಿಕೊಂಡು ಕಾಡು ತಿರುಗುವ ಅವನ ಕಣ್ಣಿಗೆ ಬೀಳದೆ ಆ ಸೀಮೆಯಲ್ಲಿ ಒಂದು ಮಂಗವೂ ಸಾಯುತ್ತಿರಲಿಲ್ಲ.

ನೋಟ್‌ಬುಕ್ಕುಗಳು ಹೆಚ್ಚಾದಾಗ ನನಗೆ ಅಫ್ಸಾನಾ ನೆನಪಾದಳು. ಅವಳು ಆಫೀಸಿಗೆ ಸೇರಿ ಆಗಿನ್ನೂ ಎರಡು ತಿಂಗಳು. ಒಂದು ಚೀಲ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಮೂರು ವಾರ ಕೂತು ಎಲ್ಲವನ್ನೂ ತಾನೇ ಟೈಪ್ ಮಾಡಿದಳು. ನಡುವೆ ಫೋನ್ ಮಾಡಿ ಕೇಳುವಳು: “ಸರ್, ಇಲ್ಲಿ ದುರ್ಗಿ ಮಾದೇವ ಅಂತ ಉಂಟು. ಗಂಡಸಾ ಹೆಂಗಸಾ?”

“ಹೆಂಗಸು. ಮಾದೇವನ ಹೆಂಡತಿ.”

“ಮನೆಯಲ್ಲಿ ನಾಲ್ಕು ಜನ ಅಂತ ಹಾಕ್ಲಾ?”

“ಹಾಕು.”

ಹೀಗೆ ನಮ್ಮ ದಾಖಲೆ ಕಂಪ್ಯೂಟರ್ ಹೊಕ್ಕಿತು. ಅಲ್ಲಿಂದ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಅದನ್ನು ತೆರೆಯುವುದು, ಹೊಸದನ್ನು ಸೇರಿಸುವುದು, ಹಳೆಯದನ್ನು ನೋಡಿ ಯಾವ ಕೇರಿಗೆ ಮೊದಲು ಹೋಗಬೇಕು ಎಂದು ತೀರ್ಮಾನಿಸುವುದು ರೂಢಿಯಾಯಿತು. ಮಳೆಗಾಲದಲ್ಲಿ ನಾವು ಅದರ ಕಡೆ ತಲೆ ಹಾಕುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ನಮೂದುಗಳಾಗಿದ್ದವು. ನೋಟ್‌ಬುಕ್ಕುಗಳಿಗೆ ಒರಲೆ ಹಿಡಿದಿತ್ತು. ಬಳಗದ ಕೋಣೆ ಖಾಲಿ ಮಾಡುವಾಗ ಅವನ್ನು ಹಿತ್ತಲಲ್ಲಿ ಸುಟ್ಟವನು ನಾನೇ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಕಳೆದ ವರ್ಷ ಬೇಸಿಗೆಯಲ್ಲಿ ಸತೀಶನ ಆಫೀಸಿನ ಸರ್ವರ್ ತುಂಬಿಹೋಯಿತು. ಎಪ್ಪತ್ತು ಎಂಬತ್ತು ಕಡೆಯ ದಾಖಲೆಗಳು ಒಂದೇ ಜಾಗದಲ್ಲಿ ಇದ್ದವು. ಯಾವುದು ಬಳಕೆಯಲ್ಲಿದೆ, ಯಾವುದು ಸುಮ್ಮನೆ ಬಿದ್ದುಕೊಂಡಿದೆ ಎಂದು ತಿಳಿಯಬೇಕಿತ್ತು. ಅಫ್ಸಾನಾಗೆ ಆ ಕೆಲಸ ಬಂತು. ಅವರ ಎಲ್ಲ ಪ್ರೋಗ್ರಾಂಗಳೂ ಬೇಕೆಂದಾಗ ಕರೆದು ಉಪಯೋಗಿಸುವ ಒಂದು ಪ್ರೋಗ್ರಾಂ ಕಟ್ಟು ಅವರಲ್ಲಿ ಇತ್ತು. ಅದಕ್ಕೆ ಅವರು ಲೈಬ್ರರಿ ಎನ್ನುತ್ತಾರೆ. ತಿಂಗಳಿಗೊಮ್ಮೆ ಪ್ರತಿ ದಾಖಲೆಯ ಬಳಕೆ ನೋಡಿ ವರದಿ ಕೊಡುವ ಭಾಗವನ್ನು ಅವಳು ಆ ಲೈಬ್ರರಿಗೆ ಸೇರಿಸಿದಳು. ವರದಿಯಲ್ಲಿ ಬಾಯಿಗೆ ಬಂದದ್ದು ಬರೆಯುವ ಹಾಗಿಲ್ಲ. ಮೊದಲೇ ಗೊತ್ತುಮಾಡಿದ ಕೆಲವೇ ಪದಗಳಲ್ಲಿ ಒಂದನ್ನು ಆರಿಸಬೇಕು. ಅಂಥ ಪದಗಳ ಪಟ್ಟಿಗೆ ಅವರ ಕಸುಬಿನಲ್ಲಿ ‘ಎನಮ್’ ಎಂದು ಹೆಸರು. ಅವಳು ನಾಲ್ಕು ಪದ ಇಟ್ಟಳು: ನಿತ್ಯ, ಅಪರೂಪ, ಹಂಗಾಮಿ, ನಿಂತಿದೆ. ವರದಿ ನಮ್ಮಂಥವರಿಗೂ ಹೋಗುವುದರಿಂದ ಕನ್ನಡವೇ ಇರಲಿ ಎಂಬುದು ಅವಳ ಹಟ. ವರ್ಷದ ಒಂದು ಹಂಗಾಮಿನಲ್ಲಿ ಮಾತ್ರ ತೆರೆಯುವ ದಾಖಲೆಗಳು ನಾಲ್ಕೇ ನಾಲ್ಕು. ಅವಕ್ಕೆ ಮೂರನೆಯ ಪದ. ಅದರಲ್ಲಿ ನಮ್ಮದೂ ಒಂದು.

ಜೂನ್‌ನಲ್ಲಿ ಆ ವರದಿ ನನಗೂ ಬಂತು. ಬಳಗದ ಹೆಸರಿನ ಮುಂದೆ ‘ಹಂಗಾಮಿ’ ಎಂದಿತ್ತು. ಸರಿಯಾಗಿಯೇ ಬರೆದಿದ್ದಾಳೆ ಎಂದುಕೊಂಡೆ. ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿದವನು ನಾನು. ಆ ಪದವನ್ನು ಇನ್ನೊಬ್ಬರು ಬೇರೆ ರೀತಿ ಓದಬಹುದು ಎಂದು ನನಗೆ ಹೊಳೆಯಲಿಲ್ಲ.

ಸತೀಶನ ಆಫೀಸಿಗೆ ಆ ವರ್ಷ ಗಗನಾ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಹಾನಗಲ್ ಕಡೆಯವಳು, ಚುರುಕು, ಕೆಲಸ ಬಲ್ಲವಳು. ಜುಲೈ ತಿಂಗಳಲ್ಲಿ ಸತೀಶ ಅವಳಿಗೆ, ವರದಿ ನೋಡಿಕೊಂಡು ಬೇಡದ ದಾಖಲೆಗಳನ್ನೆಲ್ಲ ತಾನಾಗಿಯೇ ಅಳಿಸುವ ಪ್ರೋಗ್ರಾಂ ಬರೆ ಎಂದ. ಗಗನಾಳ ಅಪ್ಪ ಒಂದು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಹಂಗಾಮಿ ನೌಕರನಾಗಿದ್ದವರು. ಒಂದು ದಿನ ಒಂದು ಕಾಗದ ಕೊಟ್ಟು ಮನೆಗೆ ಕಳಿಸಿದ್ದರಂತೆ. ಅವರ ಮನೆಯಲ್ಲಿ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ. ಯಾವಾಗ ಬೇಕಾದರೂ ತೆಗೆದುಹಾಕಬಹುದಾದದ್ದು.

ಹಾಗಿದ್ದೂ ಅವಳು ಕೇಳದೆ ಮಾಡಲಿಲ್ಲ. ಅಫ್ಸಾನಾ ಅಂದು ರಜೆಯಲ್ಲಿದ್ದಳು. ಚಾಂದ್ ಬಿಯ ಕಣ್ಣಿನ ಪೊರೆ ತೆಗೆಸುವ ದಿನ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಮೊಬೈಲಿಗೆ ಮೆಸೇಜು ಬಂತು: “ಅಕ್ಕಾ, ನಿಂತಿದೆ ಅಂತ ಇರೂವೆಲ್ಲಾ ತಗೀತೀನ್ರಿ.” ಅದರ ಕೆಳಗೆ ಇನ್ನೊಂದು ಸಾಲಿತ್ತು: “ಹಂಗಾಮಿ ಇರೂವೂ ತಗೀಲೇನ್ರಿ?” ಅಷ್ಟರಲ್ಲಿ ನರ್ಸ್ ಬಂದು ಚಾಂದ್ ಬಿ ಕಡೆಯವರು ಯಾರು ಎಂದು ಕೂಗಿದಳು. ಅಫ್ಸಾನಾ ಮೇಲಿನ ಸಾಲನ್ನಷ್ಟೇ ನೋಡಿ ‘ಸರಿ’ ಎಂದು ಒತ್ತಿ ಒಳಗೆ ಓಡಿದಳು.

ನವೆಂಬರ್ ಕೊನೆಯ ವಾರ ಬೆಳಿಗ್ಗೆ ಕೆರಿಯ ಫೋನ್ ಮಾಡಿದ. “ಮಾಸ್ತರ್ರೇ, ಒಂದು ಬಿದ್ದದೆ. ಹಳ್ಳದ ಆಚೆ ದಿಬ್ಬದಲ್ಲಿ. ನಿನ್ನೆ ಮೊನ್ನೆ ಸತ್ತಿದ್ದಲ್ಲ, ವಾಸ್ನೆ ಬತ್ತದೆ.”

ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆದೆ. ಈ ಹೆಸರಿನ ದಾಖಲೆ ಇಲ್ಲ ಎಂದು ಬಂತು. ಪಾಸ್‌ವರ್ಡ್ ತಪ್ಪಿರಬೇಕೆಂದು ಮತ್ತೆ ಒತ್ತಿದೆ. ಅದೇ. ಅಫ್ಸಾನಾಗೆ ಫೋನ್ ಮಾಡಿದೆ.

“ಎಂತ ಆಯ್ತು ಸರ್? ಒಂದು ನಿಮಿಷ ಇರಿ, ನೋಡ್ತೇನೆ.” ಕೀಲಿಮಣೆಯ ಸದ್ದು ಕೇಳಿತು. ಆಮೇಲೆ ಆ ಸದ್ದೂ ನಿಂತಿತು. “ಸರ್, ನಾನು ಮತ್ತೆ ಮಾಡ್ತೇನೆ” ಎಂದು ಇಟ್ಟಳು.

ಅವಳು ಮಾಡಲಿಲ್ಲ. ಮಧ್ಯಾಹ್ನ ಸತೀಶ ಮಾಡಿದ. ನಾವಿಬ್ಬರೂ ಮಾತಾಡುವುದು ಹವ್ಯಕ ಕನ್ನಡ. “ಮಾಸ್ತರೆ, ಸರ್ವರ್ ಕೆಟ್ಟೋಗಿತ್ತು. ಎಂತ ಮಾಡಲೂ ಬತ್ತಿಲ್ಲೆ. ಆನು ಹೊಸಾದು ಮಾಡ್ಸಿಕೊಡ್ತೆ, ಚಿಂತೆ ಮಾಡಡಿ.”

“ಹಳೇದು ಎಲ್ಲೂ ಇಲ್ಯಾ?”

“ಇಲ್ಲೆ.”

ನಿಜ ನನಗೆ ಆಮೇಲೆ ತಿಳಿಯಿತು. ಅಳಿಸಿದವುಗಳ ಪ್ರತಿ ಅವರಲ್ಲಿ ಮೂವತ್ತು ದಿನ ಮಾತ್ರ ಇರುತ್ತಿತ್ತಂತೆ. ನಂತರ ಅದರ ಮೇಲೆ ಹೊಸದು ಬಂದು ಕೂರುತ್ತದೆ. ಅಳಿಸಿ ಆಗಲೇ ನಾಲ್ಕು ತಿಂಗಳು ಕಳೆದಿತ್ತು. ಉಳಿದ ಮೂರು ದಾಖಲೆಯವರು ತಮ್ಮ ತಮ್ಮಲ್ಲಿ ಪ್ರತಿ ಇಟ್ಟುಕೊಂಡಿದ್ದರು. ಇಡದವರು ನಾವು.

ಅದೇ ದಿನ ಸಂಜೆ ನಾಲ್ಕರ ಬಸ್ಸಿಗೆ ಅಫ್ಸಾನಾ ಸಿದ್ದಾಪುರಕ್ಕೆ ಬಂದಳು. ಜಗಲಿಯ ಕುರ್ಚಿಯಲ್ಲಿ ಕೂರು ಎಂದರೆ ಕೂರಲಿಲ್ಲ.

“ಸರ್ವರ್ ಕೆಟ್ಟಿದ್ದಲ್ಲ ಸರ್. ನಾವೇ ಅಳಿಸಿದ್ದು.”

ಎಲ್ಲವನ್ನೂ ಹೇಳಿದಳು. ನಾಲ್ಕು ಪದ, ಗಗನಾಳ ಮೆಸೇಜು, ಆಸ್ಪತ್ರೆಯ ಬೆಂಚು. ಮೊಬೈಲು ತೆಗೆದು ಆ ಎರಡು ಸಾಲನ್ನೂ, ಕೆಳಗಿನ ತನ್ನ ‘ಸರಿ’ಯನ್ನೂ ತೋರಿಸಿದಳು.

“ಸತೀಶಣ್ಣ ಹೇಳ್ಬೇಡ ಅಂದ್ರು. ನಿಮ್ಮ ಹತ್ರ ಸುಳ್ಳು ಹೇಳಿ ನಂಗೆ ಆಗೂದಿಲ್ಲ ಸರ್.”

ನನಗೆ ಸಿಟ್ಟು ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಹಿತ್ತಲಲ್ಲಿ ನಾನು ಸುಟ್ಟ ನೋಟ್‌ಬುಕ್ಕುಗಳು ಕಣ್ಣ ಮುಂದೆ ಬಂದು, ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ, “ಚಾ ಕುಡಿ” ಎಂದೆ. ಅವಳು ಕುಡಿಯದೆ ಕೊನೆಯ ಬಸ್ಸಿಗೆ ಹೊರಟಳು.

ಆ ಸಲ ನಾವು ನೆನಪಿನ ಮೇಲೆ ಕೆಲಸ ಶುರುಮಾಡಿದೆವು. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳು ಕೈಗೆ ಬಂದದ್ದು ಸ್ವಲ್ಪವೇ. ಯಾರಿಗೆ ಮೊದಲು ಕೊಡಬೇಕೆಂದು ಹಿಂದೆಲ್ಲ ದಾಖಲೆ ಹೇಳುತ್ತಿತ್ತು. ಈಗ ಬಳಗದವರು ಕೂತು ನಿನಗೆ ಗೊತ್ತಾ, ನಿನಗೆ ನೆನಪಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಕೆರಿಯ ಹೇಳಿದ ದಿಬ್ಬದ ಸುತ್ತಲಿನ ಮನೆಗಳಿಗೆ ಹೋದೆವು. ದೊಡ್ಡ ಕೇರಿಗಳಿಗೆ ಹೋದೆವು. ಭಾನುವಾರಗಳಲ್ಲಿ ಅಫ್ಸಾನಾ ಬಂದು ಜೊತೆಯಾಗುತ್ತಿದ್ದಳು. ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಕೆರಿಯನಿಗೆ ಜಾಗ ನೆನಪಿತ್ತು, ವರ್ಷ ಇರಲಿಲ್ಲ. “ಬಿದಿರು ಹೂ ಬಿಟ್ಟಿತ್ತಲ್ಲ, ಆ ವರ್ಷ” ಎನ್ನುವನು. ಇಲ್ಲವೇ “ನಮ್ಮ ಎಮ್ಮೆ ಸತ್ತಿದ್ದ ವರ್ಷ.” ಅಫ್ಸಾನಾ ಅದನ್ನೂ ಹಾಗೆಯೇ ಬರೆದುಕೊಳ್ಳುವಳು. ಎಮ್ಮೆ ಯಾವಾಗ ಸತ್ತದ್ದೆಂದು ಕೆರಿಯನ ಮನೆಯವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು.

ಜನವರಿಯ ಎರಡನೇ ಭಾನುವಾರ. ನಿಲ್ಕುಂದದ ಬಸ್ಸಿನಲ್ಲಿ ಕೂತಿದ್ದೆವು. ಅಫ್ಸಾನಾ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. “ಸರ್, ಬಿಳೇಕಲ್ಲು ಕೇರಿಗೆ ಹೋಗಿದ್ರಾ?”

ಹೋಗಿರಲಿಲ್ಲ. ನಾಲ್ಕೇ ಮನೆಯ ಕೇರಿ ಅದು, ರಸ್ತೆಯಿಂದ ಒಳಗೆ. ಆರು ವರ್ಷದ ಕೆಳಗೆ ಅಲ್ಲಿ ಇಬ್ಬರಿಗೆ ಜ್ವರ ಬಂದು ಬದುಕಿಕೊಂಡಿದ್ದರು. ಅಲ್ಲಿಂದ ದಾಖಲೆ ಇದ್ದಷ್ಟು ವರ್ಷ ಆ ಕೇರಿಯ ಹೆಸರು ಪಟ್ಟಿಯ ಮೇಲ್ತುದಿಯಲ್ಲಿ ಇರುತ್ತಿತ್ತು. ಎಣ್ಣೆ ಹಂಚುವಾಗ ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

“ದುರ್ಗಿ ಮಾದೇವ” ಎಂದಳು ಅಫ್ಸಾನಾ. “ನಾನೇ ಟೈಪ್ ಮಾಡಿದ್ದೆ. ಮನೆಯಲ್ಲಿ ನಾಲ್ಕು ಜನ. ದರಕಿಗೆ ಹೋಗ್ತಾರೆ ಅಂತ ಇತ್ತು.”

ಬಸ್ಸಿಳಿದು ಒಂದೂವರೆ ಮೈಲಿ ನಡೆದೆವು. ಅಂಗಳದಲ್ಲಿ ಮಾದೇವ ಕತ್ತಿ ಮಸೆಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

“ಈ ವರ್ಷ ಬರ್ಲೇ ಇಲ್ವಲ್ರಾ ಮಾಸ್ತರ್ರೇ. ಇವ್ಳಿಗೆ ನಾಕು ದಿನದಿಂದ ಜ್ವರ. ಸೊಂಟ, ಮಂಡೆ ಎಲ್ಲಾ ಒಡೀತದೆ ಅಂತಾಳೆ.”

ದುರ್ಗಿ ಒಳಗೆ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಕೆಂಪಾಗಿತ್ತು. ಬೆಳಕು ಬೇಡ ಎಂದಳು. ಅಫ್ಸಾನಾ ಅವಳ ಪಕ್ಕ ಕೂತು ಕೈ ಹಿಡಿದುಕೊಂಡಳು. ನಾನು ಸಿಗ್ನಲ್ ಸಿಗುವವರೆಗೆ ರಸ್ತೆಯ ಕಡೆ ನಡೆದು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರಲು ಒಂದು ಗಂಟೆ ಹಿಡಿಯಿತು. ದುರ್ಗಿಯನ್ನು ಕಂಬಳಿಯಲ್ಲಿ ಎತ್ತಿ ರಸ್ತೆವರೆಗೆ ತಂದೆವು. ಸಿದ್ದಾಪುರದಲ್ಲಿ ರಕ್ತ ತೆಗೆದರು. ಎರಡು ದಿನದ ಮೇಲೆ ಅದೇ ಕಾಯಿಲೆ ಎಂದು ಗೊತ್ತಾಯಿತು. ಮೂಗಿನಲ್ಲಿ ರಕ್ತ ಬರತೊಡಗಿದಾಗ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಜ್ವರ ಶುರುವಾದ ಹನ್ನೊಂದನೆಯ ದಿನ ತೀರಿಕೊಂಡಳು. ನಲವತ್ತೆರಡು ವರ್ಷ.

ಕರ್ಮಗಳೆಲ್ಲ ಮುಗಿದ ಮೇಲೆ ಅಫ್ಸಾನಾ ಮಾದೇವನ ಮನೆಗೆ ಹೋಗಬೇಕು ಎಂದಳು. ಬೇಡ ಎಂದೆ. ಅದರಿಂದ ಅವನಿಗೆ ಏನು ಸಿಗುತ್ತದೆ ಎಂದೆ. ಕೇಳಲಿಲ್ಲ. ಜೊತೆಗೆ ಹೋದೆ.

ಮಾದೇವ ಜಗಲಿಯಲ್ಲಿ ಕೂತಿದ್ದ. ಅವಳು ಎದುರಿಗೆ ನೆಲದ ಮೇಲೆ ಕೂತು ನಿಧಾನ ಹೇಳಿದಳು. ಕಂಪ್ಯೂಟರಿನಲ್ಲಿ ನಿಮ್ಮ ಕೇರಿಯ ಹೆಸರು ಇತ್ತು, ನನ್ನ ತಪ್ಪಿನಿಂದ ಅಳಿಸಿಹೋಯಿತು, ಅದು ಇದ್ದಿದ್ದರೆ ಡಿಸೆಂಬರ್‌ನಲ್ಲೇ ಎಣ್ಣೆ ಹಿಡಿದು ಇಲ್ಲಿಗೆ ಬರುತ್ತಿದ್ದೆವು ಎಂದು. ಎನಮ್, ಲೈಬ್ರರಿ ಎಂಬ ಮಾತೆಲ್ಲ ಎತ್ತಲಿಲ್ಲ.

ಮಾದೇವ ಕೇಳಿದ: “ಆ ಪಟ್ಟಿಯಲ್ಲಿ ಇವ್ಳ ಹೆಸ್ರು ಇತ್ತಾ?”

“ಇತ್ತು.”

“ಬರೀ ಕೇರಿ ಹೆಸ್ರಲ್ಲ, ಇವ್ಳ ಹೆಸ್ರೇ?”

“ಹೌದು. ದುರ್ಗಿ ಮಾದೇವ ಅಂತ.”

“ಈಗ ಇಲ್ಲ.”

“ಇಲ್ಲ.”

ಅವನು ತಲೆ ಆಡಿಸಿದ. “ಎಣ್ಣೆ ಕೊಟ್ಟಿದ್ರೂ ಹಚ್ಕತಿದ್ಲೋ ಇಲ್ವೋ. ವಾಸ್ನೆ ಆಗೂದಿಲ್ಲ ಅಂತಿದ್ಲು. ಹೋದ ವರ್ಷದ ಬಾಟ್ಲಿ ಅರ್ಧ ಹಾಗೇ ಅದೆ.” ಎದ್ದು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಅವನು ನಮ್ಮನ್ನು ಕ್ಷಮಿಸಿದನೋ, ಎದುರಿಗೆ ಕೂತಿರಲಾರದೆ ಎದ್ದು ಹೋದನೋ ನನಗೆ ಗೊತ್ತಾಗಲಿಲ್ಲ. ಅಫ್ಸಾನಾಗೂ ಗೊತ್ತಾಗಲಿಲ್ಲ. ಸಿದ್ದಾಪುರ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, “ಅವರು ಬೈದಿದ್ರೆ ಆಗ್ತಿತ್ತು ಸರ್” ಎಂದಳು, ಅಷ್ಟೇ.

ಸುದ್ದಿ ಶಿರಸಿಗೂ ಮುಟ್ಟಿತು. ಸತೀಶ ಗಗನಾಳನ್ನು ಕೆಲಸದಿಂದ ತೆಗೆದ. ಅಫ್ಸಾನಾ ಅವನ ಮೇಜಿನ ಎದುರು ನಿಂತು, “ಅವ್ಳು ಕೇಳಿಯೇ ಮಾಡಿದ್ದು. ಸರಿ ಅಂದವಳು ನಾನು. ತೆಗೀಬೇಕಾದ್ರೆ ನನ್ನನ್ನ ತೆಗೀರಿ” ಎಂದಳಂತೆ.

“ನಿನ್ನ ತೆಗೆದ್ರೆ ಇದನ್ನೆಲ್ಲಾ ನೋಡೂದು ಯಾರು?” ಎಂದ ಸತೀಶ. ಅವನು ಕೆಟ್ಟವನಲ್ಲ. ಬಾಗಿಲು ಮುಚ್ಚಿಹೋಗಬಾರದು ಎಂಬ ಹೆದರಿಕೆ ಅವನಿಗೆ.

ಗಗನಾ ಹೋಗುವ ದಿನ ಅಫ್ಸಾನಾ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದಳು. “ನಮ್ಮಪ್ಪಗೂ ಹಿಂಗ ಆಗಿತ್ರಿ ಅಕ್ಕಾ. ಏನ್ ಹೇಳ್ಲಿ ಮನ್ಯಾಗ?” ಎಂದು ಆ ಹುಡುಗಿ ಕೇಳಿದಳಂತೆ. ಆಮೇಲೆ ಅಫ್ಸಾನಾ ಫೋನ್ ಮಾಡಿದರೆ ಗಗನಾ ಎತ್ತುತ್ತಿರಲಿಲ್ಲ.

ಅಫ್ಸಾನಾ ಮತ್ತೆ ಮೂರು ತಿಂಗಳು ಅಲ್ಲೇ ಇದ್ದಳು. ಪಟ್ಟಿಯ ಮೂರನೆಯ ಪದವನ್ನು ಬದಲಿಸಿ, ‘ವರ್ಷಕ್ಕೊಂದು ಕಾಲ’ ಎಂದು ಬರೆದಳು. ಅದನ್ನು ಬದಲಿಸಿದ ದಿನ ಹತ್ತು ಕಡೆ ಪ್ರೋಗ್ರಾಂ ನಿಂತುಹೋಯಿತು. ಎಲ್ಲವೂ ಹಳೆಯ ಪದವನ್ನೇ ಹುಡುಕುತ್ತಿದ್ದವು. ಸತೀಶ ಸಿಡುಕಿ, ಮೊದಲಿದ್ದಂತೆಯೇ ಇಡು, ಅಳಿಸುವ ಪ್ರೋಗ್ರಾಂ ತೆಗೆದರೆ ಸಾಕು ಎಂದ. ಅವಳು ಮೊದಲಿದ್ದಂತೆಯೇ ಇಟ್ಟಳು. ಅದರ ಬಳಿಕ ಏನು ಬರೆದರೂ ಎರಡು ಸಲ, ಮೂರು ಸಲ, ಹತ್ತು ಸಲ ತೆರೆದು ನೋಡುವ ಚಾಳಿ ಹತ್ತಿತು. ಒಂದು ಪದ ಇಟ್ಟು ಮುಂದಕ್ಕೆ ಹೋಗುವುದೇ ಆಗುತ್ತಿರಲಿಲ್ಲವಂತೆ. ಏಪ್ರಿಲ್‌ನಲ್ಲಿ ಕೆಲಸ ಬಿಟ್ಟಳು.

ಯಲ್ಲಾಪುರದಲ್ಲಿ ಅವಳ ಸೋದರಮಾವ ಮುಜೀಬ್ ಲಾರಿ ಆಫೀಸು ಇಟ್ಟಿದ್ದಾರೆ. ತಾಯಿಯನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಯಾವ ಲಾರಿ ಯಾವಾಗ ಹೊರಟಿತು, ಎಲ್ಲಿಗೆ ಮುಟ್ಟಿತು ಎಂದು ಡ್ರೈವರುಗಳಿಗೆ ಫೋನ್ ಮಾಡಿ ಕೇಳಿ ದೊಡ್ಡ ಪುಸ್ತಕದಲ್ಲಿ ಕೈಯಿಂದ ಬರೆಯುವ ಕೆಲಸ. ಕಂಪ್ಯೂಟರ್ ಬೇಕಾ ಎಂದು ಮುಜೀಬ್ ಕೇಳಿದ್ದರಂತೆ. ಬೇಡ ಎಂದಳಂತೆ.

ಮಳೆ ಶುರುವಾಗುವ ಮೊದಲು ನಾನು ಯಲ್ಲಾಪುರಕ್ಕೆ ಹೋದೆ. ಅದುವರೆಗೆ ನಾವು ಮತ್ತೆ ಸೇರಿಸಿದ್ದು ಇನ್ನೂರ ಹದಿನೆಂಟು ನಮೂದು. ಅರ್ಧಕ್ಕೆ ತಾರೀಕಿಲ್ಲ. ಉಳಿದ ನಾಲ್ಕುನೂರು ಯಾರಿಗೂ ನೆನಪಿಲ್ಲ. ಈ ವರ್ಷವೂ ಭಾನುವಾರ ಬರುತ್ತೀಯಾ ಎಂದು ಕೇಳಲು ಹೋಗಿದ್ದೆ. ಅವಳು ಸೊರಗಿದ್ದಳು. ಆಫೀಸಿನ ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅದರ ಗದ್ದಲ ನಿಂತ ಮೇಲೆ ಅವಳೇ ಕೇಳಿದಳು.

“ಕೆರಿಯ ಹೇಗಿದ್ದಾನೆ ಸರ್?”

“ಮೊದಲಿನ ಹಾಗೆ ತಿರುಗೂದಿಲ್ಲ. ಮಂಡಿ ನೋವು.”

“ಮಾದೇವಣ್ಣ?”

“ಮಗಳ ಮನೆಗೆ ಹೋಗಿದ್ದಾನೆ. ಕೇರಿಯಲ್ಲಿ ಈಗ ಮೂರೇ ಮನೆ.”

ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು. “ಸರ್, ಬರೂದಿಲ್ಲ ಅಂದ್ರೆ ನೀವು ಬೇಜಾರು ಮಾಡ್ಕೊಳ್ತೀರಿ.”

“ಇಲ್ಲ.”

“ಅಲ್ಲಿ ಯಾರ ಮನೆಗೆ ಹೋದ್ರೂ ಬರೆದ ಹೆಸರನ್ನೇ ಹತ್ತು ಸಲ ನೋಡ್ತೇನೆ ಸರ್. ತಪ್ಪು ಬರೆದ್ರೆ, ಬಿಟ್ಟುಹೋದ್ರೆ ಅಂತ. ನನ್ನಿಂದ ಆಗೂದಿಲ್ಲ. ನೀವು ಬೇರೆ ಯಾರನ್ನಾದ್ರೂ ನೋಡಿ.”

ಆಗಲಿ ಎಂದೆ. ಬೇರೆ ಯಾರೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಬಳಗದಲ್ಲಿ ಈಗ ಉಳಿದಿರುವುದು ಮೂವರು, ಮೂವರೂ ಎಪ್ಪತ್ತು ದಾಟಿದವರು. ಅವಳು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ಒಳಗೆ ಫೋನ್ ಹೊಡೆದುಕೊಂಡಿತು. ಯಾವುದೋ ಲಾರಿ ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತಿತ್ತು. ನೀನು ಕೆಲಸ ನೋಡು ಎಂದು ಹೇಳಿ ನಾನೊಬ್ಬನೇ ಇಳಿದು ಬಂದೆ.